ಅರ್ಕಾಟಿಯಿಂದ ಏಜೆಂಟನವರೆಗೆ

ವಿದೇಶದ ನೌಕರಿಯ ಹೆಸರಿನಲ್ಲಿ ನಡೆಯುವ ವಂಚನೆ ನಮ್ಮ ಕಾಲದ ಹೊಸ ಪಿಡುಗಲ್ಲ. 1834ರಿಂದ ಮಾರಿಷಸ್‌ಗೆ, 1879ರಿಂದ ಫಿಜಿಗೆ ಕರಾರು ಕೂಲಿಗಳನ್ನು ಹಡಗೇರಿಸಿದ ಕಾಲದಲ್ಲಿ ಜನರನ್ನು ಪುಸಲಾಯಿಸಿ ಕಲೆಹಾಕುತ್ತಿದ್ದವರು ‘ಅರ್ಕಾಟಿ’ಗಳೆಂಬ ದಲ್ಲಾಳಿಗಳು. ತಲೆಗಿಷ್ಟೆಂದು ಅವರಿಗೆ ಹಣ ಸಲ್ಲುತ್ತಿತ್ತು. 1893ರಲ್ಲಿ ಅಂಥವನೊಬ್ಬನನ್ನು ನಂಬಿ ಫಿಜಿ ಸೇರಿದ ತೋತಾರಾಮ್ ಸನಾಢ್ಯರು, 21 ವರ್ಷಗಳ ತರುವಾಯ ಮರಳಿ ಬಂದು ಆ ಮೋಸವನ್ನು ಬರೆದಿಟ್ಟರು. ಮ್ಯಾಜಿಸ್ಟ್ರೇಟರು ಏನು ಕೇಳಿದರೂ ‘ಹೌದು’ ಎನ್ನಬೇಕೆಂದು ಅರ್ಕಾಟಿ ಮೊದಲೇ ಹೇಳಿಕೊಟ್ಟಿದ್ದನು. ಕಾನೂನಿತ್ತು, ಸಮ್ಮತಿಯ ದಾಖಲೆಯೂ ಇತ್ತು. ಹೋಗುವವನಿಗೆ ತಿಳಿವಳಿಕೆ ಮಾತ್ರ ಇರಲಿಲ್ಲ.

1917ರಲ್ಲಿ ಆ ಸಾಗಣೆ ನಿಂತಿತು. ಕೊಲ್ಲಿಯ ತೈಲಸಂಪತ್ತು ಹೊಸ ವಲಸೆಗೆ ಬಾಗಿಲು ತೆರೆದ ಮೇಲೆ, 1922ರ ಕಾಯಿದೆಯ ಸ್ಥಾನದಲ್ಲಿ 1983ರ ವಲಸೆ ಕಾಯಿದೆ ಬಂದಿತು. ಅದರಂತೆ ನೋಂದಣಿಯಿಲ್ಲದ ಏಜೆಂಟನು ವಿದೇಶದ ಕೆಲಸಕ್ಕೆ ಜನರನ್ನು ನೇಮಿಸುವುದು ಅಪರಾಧ. ಆದರೂ ಸಂದರ್ಶಕ ವೀಸಾದಲ್ಲಿ ಕೆಲಸಕ್ಕೆ ಕಳುಹಿಸುವ ಒಳದಾರಿ ಮುಚ್ಚಿಲ್ಲ. ಹಾಗೆ ಬಂದವನ ಕೈಯಲ್ಲಿ ಸಾಲವಿರುತ್ತದೆ, ಕರಾರುಪತ್ರವಿರುವುದಿಲ್ಲ. ದೂರಿತ್ತರೆ ತಾನೇ ತಪ್ಪಿತಸ್ಥನಾಗುವ ಭಯವೊಂದು ಬೇರೆ.

ಊರಿನಿಂದ ಹೊರಡಲಿರುವ ಬಂಧುಮಿತ್ರರು ಹಣ ಕೊಡುವ ಮುನ್ನವೇ ಏಜೆಂಟನ ನೋಂದಣಿಯನ್ನೂ ವೀಸಾದ ಬಗೆಯನ್ನೂ ವಿಚಾರಿಸಿ ತಿಳಿಸುವುದು, ಮೊದಲೇ ಇಲ್ಲಿ ನೆಲೆಸಿರುವ ನಮ್ಮಿಂದ ಸಾಧ್ಯವಾದ ಕೆಲಸ.