ಅದಬ್ ಕಲಿಸಿದ್ದು ಬೆತ್ತವೇ?

"ಈಗಿನ ಮಕ್ಕಳಿಗೆ ಅದಬ್ ಇಲ್ಲ" ಎಂಬ ಮಾತು ನಮ್ಮ ಮದುವೆ ಮನೆಗಳಲ್ಲಿ ಬಿರಿಯಾನಿಯಷ್ಟೇ ಖಾಯಂ. ಹಾಗಾದರೆ ಹಿಂದೆ ಹೇಗೆ ಕಲಿಸುತ್ತಿದ್ದರು ಎಂದು ಕೇಳಿದರೆ ಹಿರಿಯರ ಉತ್ತರ ಒಂದೇ: ಉಸ್ತಾದರ ಬೆತ್ತ. ಬೆತ್ತ ಇದ್ದದ್ದು ಸುಳ್ಳಲ್ಲ. ಆದರೆ ನಮ್ಮ ಚರಿತ್ರೆ ಅಷ್ಟಕ್ಕೇ ಮುಗಿಯುವುದಿಲ್ಲ.

ಸರಕಾರಿ ಕಾಗದದಲ್ಲಿ ಹುಡುಕಿದರೆ ನಾವು ಸಿಗುವುದು ಕಷ್ಟ. ವ್ಯಾಪಾರಕ್ಕೆಂದು ನಾನು ನೆಲೆಸಿರುವ ಕಾರಿಮಂಗಲಂ, ಧರ್ಮಪುರಿ-ಕೃಷ್ಣಗಿರಿ ನಡುವಿನ ಊರು. ಹಿಂದೆ ಇದು ಬಾರಾಮಹಲ್ ಸೀಮೆ. 1792ರಲ್ಲಿ ಟಿಪ್ಪು ಸುಲ್ತಾನರಿಂದ ಕಂಪನಿಯ ಕೈಗೆ ಹೋಯಿತು. ಈ ಸೀಮೆಯಲ್ಲಿ ಕಂದಾಯದ ಕೆಲಸ ಮಾಡಿದ ಥಾಮಸ್ ಮನ್ರೋ 1799ರಲ್ಲಿ ನಮ್ಮ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದ. ಮುಂದೆ ಮದ್ರಾಸಿನ ಗವರ್ನರ್ ಆಗಿ, 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಊರ ಶಾಲೆಗಳ ಲೆಕ್ಕ ಕೇಳಿದ. ಪ್ರಾಂತ್ಯಕ್ಕೆಲ್ಲ 12,498 ಶಾಲೆಗಳೆಂದು ಲೆಕ್ಕ ಬಂತು. ಈ ಕಡೆಯ ಸೇಲಂ ಜಿಲ್ಲೆ ತನ್ನ ಪಟ್ಟಿ ಕಳಿಸಿತು. ಕೆನರಾದ ಕಲೆಕ್ಟರ್ ಮಾತ್ರ, ಇಲ್ಲಿ ಗೊತ್ತುಪಡಿಸಿದ ಶಾಲೆಗಳೇ ಇಲ್ಲ, ಮಕ್ಕಳಿಗೆ ಖಾಸಗಿಯಾಗಿ ಪಾಠ ಹೇಳಿಸುತ್ತಾರೆ ಎಂದು ಬರೆದು ಕೈತೊಳೆದುಕೊಂಡ. ಪಳ್ಳಿಯ ಮೂಲೆಯಲ್ಲೋ ಮನೆಯ ಜಗಲಿಯಲ್ಲೋ ನಡೆಯುವ ಓದು ಗುಮಾಸ್ತನ ಪಟ್ಟಿಗೆ ಸಿಗುವಂಥದ್ದಲ್ಲ.

ಪಟ್ಟಿಗೆ ಸಿಗದ ಆ ಓದಿನಲ್ಲಿ ಮುಖ್ಯವಾದದ್ದು ಪಳ್ಳಿ ದರ್ಸ್. 16ನೇ ಶತಮಾನದಲ್ಲಿ ಪೊನ್ನಾನಿಯ ಮಖ್ದೂಮರು ಗಟ್ಟಿಗೊಳಿಸಿದ ಪದ್ಧತಿ ಮಲಬಾರಿನಿಂದ ನಮ್ಮ ಕರಾವಳಿಗೂ ಬಂತು. ದೂರದೂರಿನಿಂದ ಬಂದ ಮುತಅಲ್ಲಿಮರು ಪಳ್ಳಿಯಲ್ಲೇ ಓದಿ ಅಲ್ಲೇ ಮಲಗುತ್ತಿದ್ದರು. ಊಟಕ್ಕೆ ಮಾತ್ರ ಒಬ್ಬೊಬ್ಬರಿಗೆ ಊರಿನ ಒಂದೊಂದು ಮನೆ. ಬೇರೆಯವರ ಮನೆಯ ಉಮ್ಮ ಬಡಿಸಿದ್ದನ್ನು ಉಣ್ಣುವ ಹುಡುಗ ಬಾಗಿಲಲ್ಲಿ ಸಲಾಂ ಹೇಳುವುದನ್ನು, ಕಣ್ಣು ತಗ್ಗಿಸಿ ಕೂರುವುದನ್ನು, ಸಾರು ಸಪ್ಪೆಯಾದರೂ ಸುಮ್ಮನೆ ಉಣ್ಣುವುದನ್ನು ತಾನಾಗಿ ಕಲಿಯುತ್ತಿದ್ದ. ಆ ಮನೆಯ ಮಕ್ಕಳು ಕಲಿತದ್ದು ಇನ್ನೂ ದೊಡ್ಡದು. ಬಡವರ ಮಗನೊಬ್ಬನಿಗೆ, ಓದುವವನು ಎಂಬ ಒಂದೇ ಕಾರಣಕ್ಕೆ, ಮೀನಿನ ಒಳ್ಳೆಯ ತುಂಡು ಹೋಗುವುದನ್ನು ಅವರು ದಿನವೂ ನೋಡುತ್ತಿದ್ದರು. ಇಲ್ಮ್‌ಗೆ ಬೆಲೆ ಇದೆ ಎಂದು ಯಾರೂ ಭಾಷಣ ಮಾಡಬೇಕಾಗಿರಲಿಲ್ಲ.

ದರ್ಸ್‌ಗಳಲ್ಲಿ ಓದಿಸುವ ಕಿತಾಬುಗಳಲ್ಲಿ 'ತಅಲೀಮುಲ್ ಮುತಅಲ್ಲಿಂ' ಒಂದು. ಬರೆದವರು ಇಮಾಂ ಝರ್ನೂಜಿ, ಸುಮಾರು 800 ವರ್ಷಗಳ ಹಿಂದೆ. ಇರುವುದು 13 ಅಧ್ಯಾಯ. ಅವರು ಹನಫಿ, ನಾವು ಶಾಫಿಈ. ಅದಬ್‌ನ ವಿಷಯಕ್ಕೆ ಮದ್‌ಹಬ್ ಅಡ್ಡ ಬರಲಿಲ್ಲ. ಅದರಲ್ಲಿ ಖಲೀಫ ಹಾರೂನ್ ರಶೀದರ ಕಥೆ ಬರುತ್ತದೆ. ಮಗನನ್ನು ಅವರು ಅಸ್ಮಈ ಎಂಬ ವಿದ್ವಾಂಸರ ಬಳಿ ಓದಲು ಬಿಟ್ಟಿದ್ದರು. ಒಂದು ದಿನ ನೋಡಿದರೆ ಉಸ್ತಾದರು ವುಝೂ ಮಾಡುತ್ತಾ ಕಾಲು ತೊಳೆಯುತ್ತಿದ್ದಾರೆ, ರಾಜಕುಮಾರ ನೀರು ಎರೆಯುತ್ತಿದ್ದಾನೆ. ಖಲೀಫರಿಗೆ ಬೇಸರವಾಯಿತು. ಮಗನ ಕೈಯಲ್ಲಿ ನೀರು ಹಾಕಿಸಿಕೊಂಡದ್ದಕ್ಕಲ್ಲ. ಒಂದು ಕೈಯಲ್ಲಿ ನೀರು ಎರೆದು ಇನ್ನೊಂದು ಕೈಯಲ್ಲಿ ನಿಮ್ಮ ಕಾಲು ತೊಳೆಯುವಂತೆ ಅವನಿಗೇಕೆ ಹೇಳಲಿಲ್ಲ ಎಂದು.

ಈ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ನನಗೇನೋ ಇದು ತಂದೆಯಂದಿರಿಗೆ ಹೇಳಿದ ಕಥೆಯಂತೆ ಕಾಣುತ್ತದೆ.

1951ರಲ್ಲಿ ಸಮಸ್ತದ ಮತ ವಿದ್ಯಾಭ್ಯಾಸ ಬೋರ್ಡ್ ಹುಟ್ಟಿ, ಓತ್ತುಪಳ್ಳಿಯ ಜಾಗಕ್ಕೆ ತರಗತಿ, ಪಠ್ಯಪುಸ್ತಕ, ಪಬ್ಲಿಕ್ ಪರೀಕ್ಷೆಗಳಿರುವ ಮದ್ರಸ ಬಂತು. ದಕ್ಷಿಣ ಕನ್ನಡಕ್ಕೂ ಹರಡಿತು. ಬೆಳಗ್ಗೆ ಮದ್ರಸ, ಆಮೇಲೆ ಶಾಲೆ ಎಂಬ ಏರ್ಪಾಡಿನಿಂದ ನಮ್ಮ ಹೆಣ್ಣುಮಕ್ಕಳಿಗೂ ಎರಡೂ ಓದು ದಕ್ಕಿತು. ಇದು ಸಣ್ಣ ಲಾಭವಲ್ಲ. ಹಳೆಯದೇ ಚೆನ್ನಾಗಿತ್ತು ಎನ್ನುವವರ ಜೊತೆ ನಾನು ಸೇರುವುದಿಲ್ಲ. ಆದರೆ ಅದಬ್ 'ಅಖ್ಲಾಖ್' ಎಂಬ ವಿಷಯವಾಗಿ ಅಂಕದ ಪಟ್ಟಿಗೆ ಹೋಯಿತು. ಅದನ್ನು ಕಲಿಸುವ ಹೊಣೆ ಊರಿನ ಅಡುಗೆಮನೆಗಳಿಂದ ಉಸ್ತಾದರೊಬ್ಬರ ತಲೆಗೆ ಬಂತು.

ಈಗ ನಮ್ಮನ್ನೇ ನೋಡಿಕೊಳ್ಳೋಣ. ಮಗು ಉಸ್ತಾದರ ಎದುರು ಎದ್ದು ನಿಲ್ಲಬೇಕು ಎನ್ನುತ್ತೇವೆ. ಅದೇ ಉಸ್ತಾದರು ಸಂಬಳ ಹೆಚ್ಚಿಸಿ ಎಂದರೆ ಜಮಾಅತ್ ಸಭೆಯಲ್ಲಿ "ಆಗದಿದ್ದರೆ ಬೇರೆಯವರನ್ನು ನೋಡೋಣ" ಎನ್ನುವವರೂ ನಾವೇ. ಅದನ್ನು ಮನೆಗೆ ಬಂದು ಊಟಕ್ಕೆ ಕೂತಾಗ ನಗುತ್ತಾ ಹೇಳುತ್ತೇವೆ. ಪಕ್ಕದಲ್ಲಿ ಕೂತ ಮಗುವಿಗೆ ಕಿವಿ ಇರುತ್ತದೆ. ಇಲ್ಲಿ ತಮಿಳುನಾಡಿನಲ್ಲಿ ಉಸ್ತಾದರನ್ನು "ಹಜ್ರತ್" ಎನ್ನುತ್ತಾರೆ. ಹೆಸರು ಬೇರೆ, ಪಾಡು ಬಹಳ ಬೇರೆಯಲ್ಲ.

ಝರ್ನೂಜಿ ಕಲಿಸುವವರನ್ನೂ ಬಿಟ್ಟಿಲ್ಲ. ಕರುಣೆಗೆಂದೇ ಅವರ ಕಿತಾಬಿನಲ್ಲಿ ಒಂದು ಅಧ್ಯಾಯ ಇದೆ. ಬೆತ್ತ ನೆನಪಿಟ್ಟುಕೊಂಡ ನಾವು ಅದನ್ನು ಮರೆತಿದ್ದೇವೆ. ಅಲ್ಲಿ ಬರುವ ಉಸ್ತಾದರೊಬ್ಬರು ಬೇರೆ ಮಕ್ಕಳ ಪಾಠವೆಲ್ಲ ಮುಗಿದು ಹೊತ್ತೇರಿದ ಮೇಲಷ್ಟೇ ತಮ್ಮ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ನಮಗೆ ಆಯಾಸವಾಗಿರುತ್ತದೆ ಎಂದು ಮಕ್ಕಳು ದೂರಿದರು. ದೂರದಿಂದ ಬಂದವರ ಮಕ್ಕಳಿಗೆ ಮೊದಲು ಹೇಳಿಕೊಡಲೇಬೇಕು ಎಂದರು ತಂದೆ. ಆ ಇಬ್ಬರೂ ಮುಂದೆ ದೊಡ್ಡ ಫಖೀಹರಾದರಂತೆ.