ಮೊಳೆ ಇಲ್ಲದ ದೋಣಿ

ಹೋದ ವರ್ಷ ಚಿಕ್ಕಪ್ಪಯ್ಯ ದೋಣಿ ಬದಲಿಸಬೇಕು ಅಂದರು. ದುಡ್ಡಿನಲ್ಲಿ ಅರ್ಧ ನನ್ನದು, ಹಾಗಾಗಿ ತೀರ್ಮಾನದಲ್ಲೂ ಅರ್ಧ ನನ್ನದೇ ಅಂದುಕೊಂಡೆ. ಮರಕ್ಕೊಂದು ಕಾಲಂ, ಫೈಬರಿಗೊಂದು ಕಾಲಂ. ತೂಕ, ಬಾಳಿಕೆ, ರಿಪೇರಿ ಅಂತ ಎಕ್ಸೆಲ್ ಶೀಟ್ ಮಾಡಿಕೊಂಡು ಗಂಗೊಳ್ಳಿಗೆ ಹೋದೆ. ಅವರು ಕೇಳಿದ್ದು ಒಂದೇ: "ಹೊಲ್ದ್ ದೋಣಿ ಎಲ್ಲಿತ್ ಮಗಾ ಇದ್ರಲ್ಲಿ?"

ಹೊಲಿದದ್ದು ಅಂದರೆ ನಿಜಕ್ಕೂ ಹೊಲಿದದ್ದೇ. ನಮ್ಮಜ್ಜ ಹೋಗುತ್ತಿದ್ದ ರಾಂಪಣಿ ದೋಣಿಗೆ ಮೊಳೆ ಇರಲಿಲ್ಲ. ಹಲಗೆಯ ಅಂಚಿಗೆ ಅಂಚು ಕೂಡಿಸಿ, ಸಾಲಾಗಿ ತೂತು ಕೊರೆದು, ಸಂದಿಯ ಮೇಲೆ ನಾರು ಒತ್ತಿಟ್ಟು ತೆಂಗಿನ ಹುರಿಯಿಂದ ಬಿಗಿಯುವುದು. ಆಮೇಲೆ ಮೀನೆಣ್ಣೆ. ನಮ್ಮ ಕಾಲದ ಹಾಗೆ ಮೊದಲು ಅಸ್ಥಿಪಂಜರ, ಆಮೇಲೆ ಚರ್ಮ ಅಲ್ಲ. ಮೊದಲು ಚರ್ಮ, ಒಳಗಿನ ಪಕ್ಕೆಲುಬು ಆಮೇಲೆ.

ಈ ಬಗೆಯ ಕಟ್ಟಣೆಯ ಬಗ್ಗೆ ಹಳೆಯ ರಿವ್ಯೂಗಳೂ ಇವೆ ಮಾರಾಯ್ರೆ. 13ನೇ ಶತಮಾನದಲ್ಲಿ ಹೊರ್ಮುಜ್ ಬಂದರಿನ ಹೊಲಿದ ಹಡಗು ನೋಡಿದ ಮಾರ್ಕೊ ಪೋಲೊ, ಬಹಳ ಕೆಟ್ಟವು, ಎಷ್ಟೋ ಮುಳುಗುತ್ತವೆ ಅಂತ ಬರೆದ. ಮುಂದಿನ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದುಹೋದ ಇಬ್ನ್ ಬತೂತ ಹೇಳಿದ್ದು ಉಲ್ಟಾ: ಬಂಡೆಗೆ ತಾಗಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಳುಕುತ್ತದೆ. ಒಬ್ಬ ಒನ್ ಸ್ಟಾರ್, ಒಬ್ಬ ಫೈವ್ ಸ್ಟಾರ್. ಅಲೆ ಒಡೆಯುವ ಮರಳದಂಡೆಯಲ್ಲಿ ದಿನಾ ದೋಣಿ ಎಳೆಯುವವರನ್ನು ಕೇಳಿದರೆ ಬತೂತನ ಪರವೇ ನಿಲ್ಲುತ್ತಾರೆ.

ಆದರೆ ಹುರಿ ಕೊಳೆಯುತ್ತದೆ. ಆಗಾಗ ಬಿಚ್ಚಿ ಮತ್ತೆ ಹೊಲಿಯಬೇಕು, ಅದಕ್ಕೆ ಕೈ ಬೇಕು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು, ಮೀನು ದಡಕ್ಕೆ ಬರುವ ಮೊದಲೇ ಬಳಿದುಕೊಂಡು ಹೋದಾಗ, ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಾಂಪಣಿ ಬಲೆ ಮೂಲೆ ಸೇರಿತು. ದೋಣಿ ಸೋತದ್ದು ಕಟ್ಟಣೆಯಲ್ಲಲ್ಲ ಅನ್ನುವುದು ಚಿಕ್ಕಪ್ಪಯ್ಯನ ವಾದ. ನನಗೂ ಹೌದೆನಿಸುತ್ತದೆ.

2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ 'ಕೌಂಡಿನ್ಯ' ಎಂಬ ಹೊಲಿದ ಹಡಗನ್ನು ಸೇರಿಸಿಕೊಂಡಿತು. ಅಜಂತಾದ ಚಿತ್ರ ನೋಡಿ ಆಕಾರ ತೆಗೆದದ್ದು, ಹೊಲಿದವರು ಕೇರಳದ ಬಾಬು ಶಂಕರನ್ ಮತ್ತವರ ತಂಡ. ಹಾಯಿಯ ಮೇಲೆ ಗಂಡಭೇರುಂಡ. ವಿಡಿಯೋ ತೋರಿಸಿದೆ. "ನಮ್ಮಲ್ಲಿ ಹೊಲುಕೆ ಬಪ್ಪರ್ ಯಾರಿದ್ರ್ ಈಗ?" ಅಂದರು ಚಿಕ್ಕಪ್ಪಯ್ಯ. ಅಜ್ಜ ಹೊಲಿಯುತ್ತಿದ್ದರಂತೆ. ಅಪ್ಪ ಕಲಿಯಲಿಲ್ಲ. ನಾನು ಬಿಇ.

ಕೊನೆಗೆ ತೆಗೆದದ್ದು ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿಯೇ. ಮೊದಲು ನೋಡಿದ ದೋಣಿ ಹೊಸ ಬಣ್ಣದಲ್ಲಿ ಮಿಂಚುತ್ತಿತ್ತು, ನಾನಾಗಲೇ ಅಡ್ವಾನ್ಸ್ ಕೊಡುವವನಿದ್ದೆ. ಅವರು ಬೆರಳ ಗೆಣ್ಣಿನಲ್ಲಿ ಉದ್ದಕ್ಕೂ ತಟ್ಟುತ್ತ ಹೋಗಿ ಅಡಿಯಲ್ಲಿ ಒಂದು ಕಡೆ ನಿಂತರು. ಅಲ್ಲಿ ಸದ್ದು ಮಂಕಾಗಿತ್ತು. ಒಳಗೆ ಪದರ ಬಿಟ್ಟಿದೆ ಎಂದರ್ಥ. "ಬ್ಯಾಡ, ಹೋಪ" ಅಂದರು.