ತೋರಣಗಲ್ಲಿನ ಮೈದಾನ, ದೇಶದ ಶ್ರೇಷ್ಠ ಆಟಗಾರ

2022ರ ಏಪ್ರಿಲ್ ಕೊನೆ. ಬಳ್ಳಾರಿಯ ಬಿಸಿಲಿಗೆ ರಸ್ತೆಯ ಡಾಂಬರೇ ಮೆತ್ತಗಾಗುವ ದಿನಗಳು. ಅಂಥ ಹೊತ್ತಿನಲ್ಲಿ, ನಗರದಿಂದ ಹೊಸಪೇಟೆ ಹಾದಿಯಲ್ಲಿ ಸಿಗುವ ತೋರಣಗಲ್ಲಿನ ಬಳಿ ಭಾರತ ಫುಟ್‌ಬಾಲ್ ತಂಡದ ಶಿಬಿರ ಆರಂಭವಾಯಿತು. ಏಷ್ಯಾ ಕಪ್ ಅರ್ಹತಾ ಪಂದ್ಯಗಳು ಎದುರಿಗಿದ್ದವು. ಕೋಚ್ ಇಗೊರ್ ಸ್ಟಿಮಾಚ್ ತಂಡವನ್ನು ಮೊದಲು ಹದಗೊಳಿಸಿದ್ದು ಇಲ್ಲೇ. ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಭಾರತ ಕಾಂಬೋಡಿಯ, ಅಫ್ಗಾನಿಸ್ತಾನ, ಹಾಂಗ್‌ಕಾಂಗ್ ಮೂರೂ ತಂಡಗಳನ್ನು ಸೋಲಿಸಿ ಅರ್ಹತೆ ಪಡೆಯಿತು. ಆ ಮೂರು ಪಂದ್ಯಗಳಲ್ಲಿ ನಾಲ್ಕು ಗೋಲು ಹೊಡೆದವರು ನಾಯಕ ಸುನಿಲ್ ಚೆಟ್ರಿ. ಎರಡು ತಿಂಗಳ ಬಳಿಕ ಅವರು ಏಳನೆಯ ಬಾರಿಗೆ ದೇಶದ ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರರಾದರು.

ಏಳು ಸಲ ಈ ಪ್ರಶಸ್ತಿ ಗೆದ್ದವರು ಬೇರೆ ಯಾರೂ ಇಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹುಟ್ಟಿದ್ದು 1937ರಲ್ಲಿ. ವರ್ಷದ ಆಟಗಾರನನ್ನು ಆರಿಸಿ ಗೌರವಿಸುವ ಪರಿಪಾಠ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಭಾರತದ ಫುಟ್‌ಬಾಲಿನ ಹೊನ್ನಿನ ಕಾಲ ಮುಗಿದುಹೋಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ ಗಳಿಸಿದ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಯುರೋಪಿನ ಶ್ರೇಷ್ಠ ಆಟಗಾರನಿಗೆ ‘ಬ್ಯಾಲನ್ ಡಿ’ಓರ್’ ಕೊಡುವುದು ಶುರುವಾದದ್ದೂ ಅದೇ 1956ರಲ್ಲಿ. ಇಲ್ಲಿ 1961ರಲ್ಲಿ ಬಂದ ಅರ್ಜುನ ಪ್ರಶಸ್ತಿಯೇ ದೊಡ್ಡ ಮನ್ನಣೆ. ಆ ಮೊದಲ ವರ್ಷವೇ ಅದನ್ನು ಪಡೆದ ಫುಟ್‌ಬಾಲಿಗ ಪಿ.ಕೆ. ಬ್ಯಾನರ್ಜಿ.

ಫೆಡರೇಷನ್ನಿನ ಪ್ರಶಸ್ತಿಯ ಮೊದಲ ಘಟ್ಟ ಬಹುಪಾಲು ಕೇರಳದ್ದು. ತ್ರಿಶ್ಶೂರಿನ ಕ್ರೀಡಾಂಗಣದಲ್ಲಿ ಸೋಡಾ ಮಾರುತ್ತಿದ್ದ ಹುಡುಗ ಐ.ಎಂ. ವಿಜಯನ್ ಕೇರಳ ಪೊಲೀಸ್ ತಂಡ ಸೇರಿ ಬೆಳೆದರು, ಮೂರು ಬಾರಿ ಪ್ರಶಸ್ತಿ ಗೆದ್ದರು. 1995ರಲ್ಲಿ ಗೌರವ ಪಡೆದ ವಿ.ಪಿ. ಸತ್ಯನ್ ಕೂಡ ಅದೇ ಪೊಲೀಸ್ ತಂಡದ ಕೂಸು. ಜೋ ಪಾಲ್ ಅಂಚೇರಿಯೂ ತ್ರಿಶ್ಶೂರಿನವರೇ. ಸಿಕ್ಕಿಂನ ಬೈಚುಂಗ್ ಭುಟಿಯಾ ಬಂದ ಮೇಲೆ ಈಶಾನ್ಯದ ಬಾಗಿಲು ತೆರೆಯಿತು. ಪೊಲೀಸ್ ಇಲಾಖೆ, ಬ್ಯಾಂಕು, ಗಿರಣಿಗಳ ತಂಡಗಳು ಆಟಗಾರರಿಗೆ ಕೆಲಸವನ್ನೂ ಮೈದಾನವನ್ನೂ ಕೊಟ್ಟ ಕಾಲ ಅದು. ಪಂಜಾಬಿನ ಫಗ್ವಾಡದ ಜೆಸಿಟಿ ಗಿರಣಿ ತಂಡದ ಹೆಸರು ಆಗ ದೇಶಕ್ಕೆಲ್ಲ ಗೊತ್ತಿತ್ತು. 2007ರಲ್ಲಿ ಚೆಟ್ರಿ ಮೊದಲ ಸಲ ಪ್ರಶಸ್ತಿ ಗೆದ್ದಾಗ ಆಡುತ್ತಿದ್ದದ್ದು ಆ ತಂಡಕ್ಕೇ.

ಮುಂದಿನ ವರ್ಷಗಳಲ್ಲಿ ಹೆಸರುಗಳ ಜೊತೆ ಆಟದ ಸ್ಥಾನಗಳೂ ಬದಲಾದವು. 2009ರಲ್ಲಿ ಗೋಲ್‌ಕೀಪರ್ ಸುಬ್ರತಾ ಪಾಲ್, 2010ರಲ್ಲಿ ಮಣಿಪುರದ ಡಿಫೆಂಡರ್ ಗೌರಮಾಂಗಿ ಸಿಂಗ್, 2012ರಲ್ಲಿ ಬಂಗಾಳದ ರಹೀಂ ನಬಿ. ಗೋಲು ಹೊಡೆಯುವವನಷ್ಟೇ ಗೋಲು ತಡೆಯುವವನೂ ದೊಡ್ಡವನೆಂದು ಒಪ್ಪಿಕೊಂಡದ್ದು ಈ ಪ್ರಶಸ್ತಿಯ ಹಿರಿಮೆ. ಆಯ್ಕೆಯ ರೀತಿಯೂ ಒಂದೇ ಆಗಿರಲಿಲ್ಲ. ಕೆಲವು ವರ್ಷ ಲೀಗ್ ಕ್ಲಬ್ಬುಗಳ ಕೋಚ್‌ಗಳು ಮತ ಹಾಕಿದರು. 2021–22ರಲ್ಲಿ ರಾಷ್ಟ್ರೀಯ ತಂಡಗಳ ಕೋಚ್‌ಗಳೇ ಹೆಸರು ಸೂಚಿಸಿದರು.

ಬಳ್ಳಾರಿ ಈ ಚರಿತ್ರೆಯೊಳಗೆ ಬರುವುದು ಉಕ್ಕಿನ ಮೂಲಕ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಂಸ್ಥೆ 2013ರಲ್ಲಿ ಬೆಂಗಳೂರು ಎಫ್‌ಸಿ ಕ್ಲಬ್ ಕಟ್ಟಿತು. ಆಡಿದ ಮೊದಲ ಋತುವಿನಲ್ಲೇ ತಂಡ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು, 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಕಿರೀಟ ಧರಿಸಿತು. ಈ ಏಳಿಗೆ ಪ್ರಶಸ್ತಿಯ ಪಟ್ಟಿಯಲ್ಲೂ ಎದ್ದು ಕಾಣುತ್ತದೆ. ಈ ಕ್ಲಬ್ಬಿನ ಆಟಗಾರರಾಗಿ ಚೆಟ್ರಿ 2013, 2014, 2017, 2018–19 ಮತ್ತು 2021–22ರಲ್ಲಿ ಗೆದ್ದರು. 2015ರಲ್ಲಿ ಶಿಲ್ಲಾಂಗಿನ ಮಿಡ್‌ಫೀಲ್ಡರ್ ಯೂಜೀನ್‌ಸನ್ ಲಿಂಗ್ಡೊ, 2019–20ರಲ್ಲಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಗೆದ್ದರು. 2013ರಿಂದ 2021–22ರವರೆಗಿನ ಒಂಬತ್ತು ಪುರುಷ ಪ್ರಶಸ್ತಿಗಳಲ್ಲಿ ಏಳು ಬೆಂಗಳೂರು ಎಫ್‌ಸಿ ಆಟಗಾರರ ಪಾಲಾದವು. ಉಳಿದೆರಡು 2016ರಲ್ಲಿ ಜೆಜೆ ಲಾಲ್‌ಪೆಖ್ಲುವಾಗೆ, 2020–21ರಲ್ಲಿ ಸಂದೇಶ್ ಝಿಂಗನ್‌ಗೆ ಹೋದವು.

ಇದೇ ಸಂಸ್ಥೆ 2018ರ ಆಗಸ್ಟ್‌ನಲ್ಲಿ ತೋರಣಗಲ್ಲಿನ ತನ್ನ ವಿಜಯನಗರ ಬಡಾವಣೆಯಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಅಲ್ಲಿ ಬೇರೂರಿವೆ. ನೀರಜ್ ಚೋಪ್ರಾ ಅಲ್ಲಿ ಜಾವೆಲಿನ್ ಎಸೆದು ಪಳಗಿದ್ದಾರೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯ ಹುಡುಗರು ಬೆಳೆದದ್ದೂ ಆ ನೆಲದಲ್ಲೇ. 2021ರಲ್ಲಿ ಹೊಸಪೇಟೆ ಕಡೆಯ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾಗಿ ಬೇರೆಯಾದವು. ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳ್ಳಾರಿ ಜಿಲ್ಲೆಯಲ್ಲೇ ಉಳಿಯಿತು.

ಹೆಣ್ಣುಮಕ್ಕಳ ಪ್ರಶಸ್ತಿಯ ಕಥೆ ಇನ್ನೂ ಕಷ್ಟದ ದಾರಿಯದು. 2001ರಲ್ಲಿ ಗೌರವ ಪಡೆದ ಮಣಿಪುರದ ಬೆಂಬೆಂ ದೇವಿ ಮತ್ತೊಮ್ಮೆ ಅದನ್ನು ಕಂಡದ್ದು 2013ರಲ್ಲಿ. ಬಾಲಾದೇವಿ, ಕಮಲಾದೇವಿ, ಆಶಾಲತಾ ದೇವಿ ಬಂದ ಬಹುಕಾಲ ಮಣಿಪುರವೇ ಮುಂದಿತ್ತು. 2021–22 ಮತ್ತು 2022–23ರಲ್ಲಿ ಪಂಜಾಬಿನ ಮನೀಷಾ ಕಲ್ಯಾಣ್ ಗೆದ್ದರು. ಆಮೇಲೆ ಪ್ರಶಸ್ತಿ ದಕ್ಷಿಣಕ್ಕೆ ಬಂತು. 2023–24ರಲ್ಲಿ ತಮಿಳುನಾಡಿನ ಇಂದುಮತಿ ಕದಿರೇಶನ್, 2024–25ರಲ್ಲಿ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ತಾಂಡಾದ ಸೌಮ್ಯಾ ಗುಗುಲೋತ್. ಸಂಡೂರಿನ ಗುಡ್ಡಗಳ ಆಸುಪಾಸಿನಲ್ಲಿಯೂ ತಾಂಡಾಗಳಿವೆ. ಅಲ್ಲಿನ ಹುಡುಗಿಯರಿಗೆ ಸೌಮ್ಯಾ ದೂರದ ಹೆಸರಾಗಬೇಕಿಲ್ಲ.

ಪುರುಷರಲ್ಲಿ ಈಚಿನ ಹೆಸರುಗಳು ಮಿಜೋರಾಂನ ಲಾಲಿಯನ್‌ಜುವಾಲಾ ಚಾಂಗ್ಟೆ, ಬಂಗಾಳದ ಸುಭಾಶಿಶ್ ಬೋಸ್. 2007ರಿಂದ 2024–25ರವರೆಗೆ ಗೆದ್ದ ಪುರುಷರಲ್ಲಿ ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬನೂ ಇಲ್ಲ. ಕರ್ನಾಟಕದ ಕ್ಲಬ್ಬೊಂದು ಪ್ರಶಸ್ತಿಯನ್ನು ಸುಮಾರು ಒಂದು ದಶಕ ಆಳಿತು. ಆದರೆ ಆಳಿದವರು ಸಿಕಂದರಾಬಾದಿನಲ್ಲಿ ಹುಟ್ಟಿದ ಚೆಟ್ರಿ, ಶಿಲ್ಲಾಂಗಿನ ಲಿಂಗ್ಡೊ, ಪಂಜಾಬಿನ ಗುರ್‌ಪ್ರೀತ್. ಮೈದಾನ ಇಲ್ಲಿದೆ, ಕೋಚ್‌ಗಳಿದ್ದಾರೆ, ದೇಶದ ತಂಡವೇ ಬಂದು ಬೆವರು ಸುರಿಸಿ ಹೋಗಿದೆ. ಇನ್ನು ಬೇಕಿರುವುದು ತುಂಗಭದ್ರೆಯ ದಂಡೆಯ ಸಿರುಗುಪ್ಪದ, ಬೆಟ್ಟದ ತಪ್ಪಲಿನ ಕುರುಗೋಡಿನ, ಬಳ್ಳಾರಿಯ ಓಣಿಗಳ ಮಕ್ಕಳು ಅಲ್ಲಿಗೆ ತಲುಪುವ ದಾರಿ.

ವಿಜಯನ್‌ರನ್ನು ಬೆಳೆಸಿದ್ದು ಊರ ಮೈದಾನ ಮತ್ತು ಹದಿಹರೆಯದಲ್ಲೇ ಅವರನ್ನು ಗುರುತಿಸಿ ಕರೆದುಕೊಂಡ ಒಂದು ತಂಡ. ಸಿರುಗುಪ್ಪ, ಕುರುಗೋಡಿನ ಶಾಲೆಗಳ ದೈಹಿಕ ಶಿಕ್ಷಕರು ಚೆಂಡಿನ ಹಿಂದೆ ಓಡುವ ಹುಡುಗ ಹುಡುಗಿಯರ ಹೆಸರು ಬರೆದಿಟ್ಟುಕೊಳ್ಳಲಿ. ಅವರನ್ನು ತೋರಣಗಲ್ಲಿನ ಕೋಚ್‌ಗಳ ಕಣ್ಣಿಗೆ ಬೀಳಿಸುವ ಹೊಣೆಯನ್ನು ಜಿಲ್ಲಾಡಳಿತ ಮತ್ತು ಕ್ಲಬ್ ಕೂಡಿಯೇ ಹೊರಲಿ. ಆಯ್ಕೆ ಶಿಬಿರಗಳು ತಾಲ್ಲೂಕು ಮೈದಾನಗಳಿಗೇ ಬರಲಿ.